ಎಂಟು ಕೀ ಒಟ್ಟಿಗೆ ಕೈಕೊಟ್ಟರೆ ಮದರ್‌ಬೋರ್ಡ್ ಹೋಗಿದೆ ಅಂತಲೇ ಅರ್ಥವೇ?

ಪ್ರಶ್ನೆ: ನನ್ನದು ನಾಲ್ಕು ವರ್ಷ ಹಳೆಯ ವಿಂಡೋಸ್ ಲ್ಯಾಪ್‌ಟಾಪ್. ಒಂದು ತಿಂಗಳ ಹಿಂದೆ ಕೀಬೋರ್ಡ್ ಮೇಲೆ ಸ್ವಲ್ಪ ಕಾಫಿ ಚೆಲ್ಲಿತ್ತು. ಕೂಡಲೇ ಒರೆಸಿದೆ, ಎಲ್ಲ ಸರಿಯಾಗೇ ಇತ್ತು. ಎರಡು ವಾರದಿಂದ 4, 5, ಆರ್, ಟಿ, ಎಫ್, ಜಿ, ವಿ, ಬಿ ಈ ಎಂಟು ಕೀಗಳು ಕೆಲಸ ಮಾಡುತ್ತಿಲ್ಲ. ಬ್ಯಾಕ್‌ಸ್ಪೇಸ್ ಆಗಾಗ ತಾನಾಗೇ ಒತ್ತಿಕೊಂಡು ಬರೆದದ್ದನ್ನೆಲ್ಲ ಅಳಿಸುತ್ತದೆ, ಮಳೆ ಬಂದ ದಿನ ಇನ್ನೂ ಜಾಸ್ತಿ. ಯುಎಸ್‌ಬಿ ಕೀಬೋರ್ಡ್ ಹಾಕಿದರೆ ಎಲ್ಲ ಕೀಗಳೂ ಬರುತ್ತವೆ, ಆದರೆ ಕನ್ನಡದಲ್ಲಿ ಮಾತ್ರ ಒತ್ತಕ್ಷರ ಬರುತ್ತಿಲ್ಲ. ಎಸ್‌ಪಿ ರಸ್ತೆಯ ಒಂದು ಅಂಗಡಿಯಲ್ಲಿ ಮದರ್‌ಬೋರ್ಡ್ ಬದಲಿಸಬೇಕು ಎಂದರು. ಮನೆಯಲ್ಲೇ ಏನಾದರೂ ನೋಡಬಹುದೇ?
(ಓದುಗರೊಬ್ಬರು, ವಿಜಯನಗರ, ಬೆಂಗಳೂರು)

ಉತ್ತರ: ಮದರ್‌ಬೋರ್ಡ್ ಬದಲಿಸಲು ಈಗಲೇ ಒಪ್ಪಬೇಡಿ. ನೀವು ಬರೆದಿರುವ ಲಕ್ಷಣಗಳು ಬೇರೆ ಕಡೆ ಬೆರಳು ತೋರಿಸುತ್ತಿವೆ. ಇನ್ನೊಂದು ವಿಷಯ, ನಿಮ್ಮ ಪ್ರಶ್ನೆಯಲ್ಲಿ ಎರಡು ತೊಂದರೆಗಳು ಬೆರೆತುಹೋಗಿವೆ. ಎಂಟು ಕೀಗಳದ್ದೂ ಬ್ಯಾಕ್‌ಸ್ಪೇಸ್‌ನದ್ದೂ ಕಾಫಿಯ ಕೆಲಸ. ಒತ್ತಕ್ಷರದ್ದು ಕಾಫಿಗೆ ಸಂಬಂಧವೇ ಇಲ್ಲದ ಸೆಟ್ಟಿಂಗ್‌ನ ಗೊಂದಲ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಕೀಬೋರ್ಡ್ ಕೆಟ್ಟಾಗ ಎಲ್ಲರೂ ಎಷ್ಟು ಕೀ ಹೋಗಿದೆ ಎಂದು ಎಣಿಸುತ್ತಾರೆ. ಯಾವ ಯಾವ ಕೀಗಳು ಒಟ್ಟಿಗೆ ಹೋಗಿವೆ ಎಂದು ನೋಡಿದರೆ ರೋಗದ ಮೂಲ ಬಹುಮಟ್ಟಿಗೆ ಸಿಕ್ಕಂತೆ. ಪ್ರತಿ ಕೀಗೂ ಒಂದೊಂದು ತಂತಿ ಎಳೆದರೆ ನೂರರ ಹತ್ತಿರ ತಂತಿ ಬೇಕಾಗುತ್ತದೆ. ಅದಕ್ಕೇ ಒಳಗೆ ಅಡ್ಡ ಗೆರೆ, ಉದ್ದ ಗೆರೆಗಳ ಜಾಲ ಇರುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಕಾಣುವುದು 8 ಮತ್ತು 16 ಗೆರೆಗಳ ಜೋಡಣೆ. 24 ಗೆರೆಗಳಲ್ಲಿ 128 ಕೀಗಳವರೆಗೆ ಗುರುತಿಸಬಹುದು. ಒಂದು ಕೀ ಒತ್ತಿದಾಗ ಒಂದು ಅಡ್ಡ ಗೆರೆ ಒಂದು ಉದ್ದ ಗೆರೆಗೆ ತಗಲುತ್ತದೆ, ಕಂಟ್ರೋಲರ್ ಚಿಪ್ ಆ ಜೋಡಿಯಿಂದ ಕೀ ಯಾವುದೆಂದು ತಿಳಿಯುತ್ತದೆ.

ಈಗ ನಿಮ್ಮ ಪಟ್ಟಿ ನೋಡಿ: 4, 5, ಅದರ ಕೆಳಗೆ ಆರ್, ಟಿ, ಅದರ ಕೆಳಗೆ ಎಫ್, ಜಿ, ಅದರ ಕೆಳಗೆ ವಿ, ಬಿ. ಮೇಲಿಂದ ಕೆಳಗೆ ಇಳಿಯುವ ಎಂಟು ಕೀಗಳ ಒಂದು ಪಟ್ಟಿ. ಅನೇಕ ಲ್ಯಾಪ್‌ಟಾಪ್ ಕೀಬೋರ್ಡ್‌ಗಳಲ್ಲಿ ಈ ಎಂಟೂ ಒಂದೇ ಗೆರೆಯ ಮೇಲಿರುತ್ತವೆ. ಆ ಒಂದು ಗೆರೆ ಎಲ್ಲೋ ತುಂಡಾಗಿದೆ, ಅಷ್ಟೇ. ಎಂಟು ಕೀಗಳು ಬೇರೆ ಬೇರೆಯಾಗಿ ಕೆಟ್ಟಿಲ್ಲ. ಸಾಫ್ಟ್‌ವೇರ್ ದೋಷ ಇಷ್ಟು ಅಚ್ಚುಕಟ್ಟಾಗಿ ಎಂಟೇ ಕೀ ಆರಿಸಿಕೊಳ್ಳುವುದಿಲ್ಲ. ಹಾಗಾಗಿ ಡ್ರೈವರ್ ಮರುಸ್ಥಾಪನೆ, ವಿಂಡೋಸ್ ಫಾರ್ಮ್ಯಾಟ್ ಇವುಗಳಿಗೆ ನೀವು ಸಮಯ ಕಳೆಯುವುದು ಬೇಡ.

ಗೆರೆ ತುಂಡಾಗುವ ಜಾಗ ಮೂರು. ಒಂದು, ಕೀಗಳ ಕೆಳಗಿರುವ ತೆಳು ಪ್ಲಾಸ್ಟಿಕ್ ಹಾಳೆಗಳು, ಅಂದರೆ ಮೆಂಬ್ರೇನ್. ಎರಡು, ಅಲ್ಲಿಂದ ಬೋರ್ಡ್‌ಗೆ ಬರುವ ಚಪ್ಪಟೆ ರಿಬ್ಬನ್ ಕೇಬಲ್ ಮತ್ತು ಅದು ಕೂರುವ ಕನೆಕ್ಟರ್. ಮೂರು, ಬೋರ್ಡ್ ಮೇಲಿರುವ ಕಂಟ್ರೋಲರ್ ಚಿಪ್. ಸಾಧ್ಯತೆಯೂ ಇದೇ ಕ್ರಮದಲ್ಲಿ ಕಡಿಮೆಯಾಗುತ್ತದೆ, ಖರ್ಚು ಮಾತ್ರ ಮೂರನೆಯದಕ್ಕೇ ಎಲ್ಲಕ್ಕಿಂತ ಹೆಚ್ಚು. ಆ ಅಂಗಡಿಯವರು ಮೂರನೆಯದರಿಂದ ಶುರು ಮಾಡಿದ್ದಾರೆ.

ಕಾಫಿ ಚೆಲ್ಲಿದ ದಿನವೇ ಕೆಡದೆ ಎರಡು ವಾರ ತಡವಾಗಿ ಯಾಕೆ ಕೆಟ್ಟಿತು? ಮೆಂಬ್ರೇನ್‌ನಲ್ಲಿ ಮೂರು ಹಾಳೆ ಇರುತ್ತವೆ. ಮೇಲಿನದರಲ್ಲೂ ಕೆಳಗಿನದರಲ್ಲೂ ಬೆಳ್ಳಿ ಮತ್ತು ಇಂಗಾಲದ ಶಾಯಿಯಲ್ಲಿ ಗೆರೆಗಳನ್ನು ಮುದ್ರಿಸಿರುತ್ತಾರೆ, ನಡುವಿನದರಲ್ಲಿ ಕೀ ಇರುವ ಕಡೆ ಮಾತ್ರ ತೂತು. ಮೇಲೆ ಒರೆಸಿದಾಗ ಕಣ್ಣಿಗೆ ಕಾಣುವ ಕಾಫಿ ಹೋಗುತ್ತದೆ, ಹಾಳೆಗಳ ಸಂದಿಗೆ ಎಳೆದುಕೊಂಡದ್ದು ಅಲ್ಲೇ ಉಳಿಯುತ್ತದೆ. ಬರೀ ನೀರಾಗಿದ್ದರೆ ಒಣಗಿಹೋಗುತ್ತಿತ್ತು. ಕಾಫಿಯ ಸಕ್ಕರೆ ಮತ್ತು ಹಾಲು ಅಂಟಾಗಿ ಕೂತು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತವೆ. ಆ ತೇವದ ಮೂಲಕ ವಿದ್ಯುತ್ ಹರಿದಂತೆಲ್ಲ ಬೆಳ್ಳಿಯ ಗೆರೆ ದಿನದಿನಕ್ಕೆ ಸವೆದು ಒಂದು ದಿನ ಕಡಿದುಹೋಗುತ್ತದೆ. ಬ್ಯಾಕ್‌ಸ್ಪೇಸ್‌ನದ್ದು ಇದರ ಉಲ್ಟಾ ಕಥೆ. ಅಲ್ಲಿ ಗೆರೆ ಕಡಿದಿಲ್ಲ, ತಗಲಬಾರದ ಎರಡು ಗೆರೆಗಳ ನಡುವೆ ಅಂಟಿನ ಸೇತುವೆ ಕಟ್ಟಿದೆ. ಜಿಟಿಜಿಟಿ ಮಳೆಯ ದಿನ ತೇವ ಹೆಚ್ಚಿದಾಗ ಆ ಸೇತುವೆ ಜೀವ ಪಡೆಯುತ್ತದೆ. ಮಳೆ ಬಂದರೆ ಜಾಸ್ತಿ ಎಂದು ನೀವು ಗಮನಿಸಿರುವುದು ಬಹಳ ಒಳ್ಳೆಯ ಸುಳಿವು.

ಬಿಚ್ಚುವ ಮುನ್ನ ಒಂದು ಪರೀಕ್ಷೆ. ಕಂಟ್ರೋಲ್, ವಿಂಡೋಸ್, ಓ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆಯ ಮೇಲೆ ಕೀಬೋರ್ಡ್ ಮೂಡುತ್ತದೆ. ಮೌಸ್‌ನಿಂದ ಅದರ ಎಫ್ ಕ್ಲಿಕ್ ಮಾಡಿದಾಗ ಅಕ್ಷರ ಬಂದರೆ ವಿಂಡೋಸ್ ಸರಿಯಿದೆ. ಪೂರ್ತಿ ಖಾತ್ರಿ ಬೇಕಿದ್ದರೆ ಉಬುಂಟು (ವಿಂಡೋಸ್‌ನಂಥದ್ದೇ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿದ ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡದೆ ಬೂಟ್ ಮಾಡಿ ಟೈಪ್ ಮಾಡಿ ನೋಡಿ. ಅಲ್ಲೂ ಅದೇ ಎಂಟು ಕೀ ಬರದಿದ್ದರೆ ವಿಂಡೋಸ್ ನಿರಪರಾಧಿ. ಕೆಲವರು ಬಯೋಸ್‌ನ (ವಿಂಡೋಸ್‌ಗೂ ಮೊದಲು ಓಡುವ ಮೂಲ ತಂತ್ರಾಂಶ) ಪಾಸ್‌ವರ್ಡ್ ಜಾಗದಲ್ಲಿ ಅಕ್ಷರ ಒತ್ತಿ ಪರೀಕ್ಷಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಧ ಕೀ ಕೆಲಸ ಮಾಡದ ಕೀಬೋರ್ಡ್‌ನಲ್ಲಿ ಏನೋ ಒಂದು ಪಾಸ್‌ವರ್ಡ್ ಸೇವ್ ಆದರೆ ಯಂತ್ರದಿಂದ ನೀವೇ ಹೊರಗುಳಿಯುತ್ತೀರಿ.

ಇನ್ನು ಬಿಚ್ಚುವುದು. ವಾರಂಟಿ ಬಾಕಿ ಇದ್ದವರು ಬಿಚ್ಚದೆ ಸರ್ವಿಸ್ ಸೆಂಟರ್‌ಗೇ ಹೋಗಿ. ಆದರೆ ದ್ರವ ಚೆಲ್ಲಿದ ಹಾನಿಗೆ ಮಾಮೂಲಿ ವಾರಂಟಿ ಅನ್ವಯಿಸುವುದಿಲ್ಲ, ಆಕಸ್ಮಿಕ ಹಾನಿಯ ಪ್ಲಾನ್ ಬೇರೆಯಾಗಿ ತೆಗೆದುಕೊಂಡಿರಬೇಕು. ಲ್ಯಾಪ್‌ಟಾಪ್ ಮುಚ್ಚಿ ಸಮತಟ್ಟಾದ ಮೇಜಿನ ಮೇಲಿಟ್ಟು ಬದಿಯಿಂದ ಒಮ್ಮೆ ನೋಡಿ. ತಳ ಉಬ್ಬಿದ್ದರೆ, ಟಚ್‌ಪ್ಯಾಡ್ ಎದ್ದಿದ್ದರೆ, ಕೀಗಳು ಕೆಳಗಿನಿಂದ ತಳ್ಳಿಸಿಕೊಂಡಂತೆ ಗಟ್ಟಿಯಾಗಿದ್ದರೆ ಬ್ಯಾಟರಿ ಊದಿಕೊಂಡಿದೆ. ಅಂಥದ್ದನ್ನು ಚಾರ್ಜ್ ಮಾಡಬೇಡಿ, ಒತ್ತಿ ಕೂರಿಸಲು ಹೋಗಬೇಡಿ, ಚೂಪಾದ ಸಾಧನದಿಂದ ಮೀಟಬೇಡಿ. ತೂತಾದ ಲಿಥಿಯಂ ಬ್ಯಾಟರಿ ಹೊತ್ತಿ ಉರಿಯುತ್ತದೆ. ಅದನ್ನು ಅನುಭವಿ ಮೆಕ್ಯಾನಿಕ್ ತೆಗೆಯಲಿ.

ಉಬ್ಬಿಲ್ಲದಿದ್ದರೆ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಚಾರ್ಜರ್ ತೆಗೆಯಿರಿ. ತಳದ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಕಾಗದದ ಮೇಲೆ ತಳದ ಚಿತ್ರ ಗೀಚಿ ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಇಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಮೇಲಿನ ಪ್ಯಾನೆಲ್ ಉಬ್ಬುತ್ತದೆ ಅಥವಾ ಒಡೆಯುತ್ತದೆ. ರಬ್ಬರ್ ಪಾದಗಳ ಕೆಳಗೂ ಸ್ಕ್ರೂ ಅಡಗಿರಬಹುದು. ಅಂಚನ್ನು ಲೋಹದ ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಹಳೆಯ ಸಿಮ್ ಕಾರ್ಡ್‌ನ ಪ್ಲಾಸ್ಟಿಕ್ ಚೌಕಟ್ಟು ಸಾಕು. ತೆರೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಆಮೇಲೆ ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಚಾರ್ಜ್ ಇಳಿಯುತ್ತದೆ.

ಕೀಬೋರ್ಡ್‌ನ ರಿಬ್ಬನ್ ಎರಡು ಮೂರು ಸೆಂಟಿಮೀಟರ್ ಅಗಲದ ಪಟ್ಟಿ. ಪಕ್ಕದಲ್ಲಿ ಇನ್ನೊಂದು ಸಣ್ಣ ಪಟ್ಟಿ ಇದ್ದರೆ ಅದು ಬ್ಯಾಕ್‌ಲೈಟ್‌ನದು. ಕನೆಕ್ಟರ್‌ನಲ್ಲಿ ರಿಬ್ಬನ್ ಹಿಡಿದಿಡುವ ಚಿಕ್ಕ ಬೀಗ ಇರುತ್ತದೆ. ಕೆಲವದರಲ್ಲಿ ಕಪ್ಪು ಪಟ್ಟಿಯನ್ನು ಉಗುರಿನಿಂದ ಬಾಗಿಲಿನಂತೆ ಮೇಲೆತ್ತಬೇಕು, ಕೆಲವದರಲ್ಲಿ ಎರಡೂ ತುದಿಗಳನ್ನು ಒಂದು ಮಿಲಿಮೀಟರಿನಷ್ಟು ಹೊರಕ್ಕೆ ಸರಿಸಬೇಕು. ಬಹಳ ಜನ ಕೆಡಿಸುವುದು ಇಲ್ಲೇ. ಬೀಗ ತೆಗೆಯದೆ ರಿಬ್ಬನ್ ಎಳೆದರೆ ತುದಿಯ ಲೋಹದ ಲೇಪ ಕಿತ್ತುಬರುತ್ತದೆ, ಸರಿಸಬೇಕಾದ ಬೀಗವನ್ನು ಮೇಲೆತ್ತಿದರೆ ಅದು ಮುರಿಯುತ್ತದೆ. ಆಗ ನಿಜಕ್ಕೂ ಬೋರ್ಡ್ ರಿಪೇರಿಯೇ.

ರಿಬ್ಬನ್ ಹೊರಬಂದ ಮೇಲೆ ತುದಿಯ ಪಟ್ಟಿಗಳನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದಾಗಿಸಿ ನೋಡಿ. ಕಂದು ಕಲೆ ಕಂಡರೆ ಕಾಫಿ, ಹಸಿರು ಕಂಡರೆ ತಾಮ್ರ ಕಿಲುಬು ಹಿಡಿದಿದೆ, ಒಂದೇ ಪಟ್ಟಿ ಕಪ್ಪಾಗಿದ್ದರೆ ಅದೇ ನಿಮ್ಮ ಎಂಟು ಕೀಗಳ ಗೆರೆ ಇರಬಹುದು. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಮೆಡಿಕಲ್ ಶಾಪಿನ 70 ಶೇಕಡಾದ್ದು ಇಲ್ಲಿಗೆ ಬೇಡ, ಉಳಿದದ್ದರಲ್ಲಿ ಬಹುಪಾಲು ನೀರೇ. ಕನ್ನಡಕ ಒರೆಸುವ ಬಟ್ಟೆಯ ತುದಿಗೆ ಎರಡು ಹನಿ ಹಾಕಿ ಉದ್ದಕ್ಕೆ ಮಾತ್ರ ಮೆಲ್ಲಗೆ ಒರೆಸಿ. ಹತ್ತು ನಿಮಿಷ ಒಣಗಲಿ. ರಿಬ್ಬನ್ ಮೇಲಿನ ಅಡ್ಡ ಗೆರೆ ಕನೆಕ್ಟರ್‌ನ ಅಂಚಿಗೆ ಸರಿಸಮನಾಗಿ ಬರುವಂತೆ ಕೂರಿಸಿ ಬೀಗ ಹಾಕಿ. ಕೂದಲೆಳೆಯಷ್ಟು ಓರೆಯಾದರೂ ಇನ್ನಷ್ಟು ಕೀಗಳು ಹೋಗುತ್ತವೆ, ಗಾಬರಿಯಾಗದೆ ಮತ್ತೆ ಕೂರಿಸಿ.

ಎಂಟು ಕೀ ಬಂದರೆ ನೀವು ಗೆದ್ದಿರಿ. ಬರದಿದ್ದರೆ ಮೆಂಬ್ರೇನ್ ಹೋಗಿದೆ, ಕೀಬೋರ್ಡ್ ಬದಲಿಸಬೇಕು. ನಿಮಗೆ ಬ್ಯಾಕ್‌ಸ್ಪೇಸ್ ಕಾಟವೂ ಇರುವುದರಿಂದ ನನ್ನ ಅಂದಾಜು ಇದೇ ಕಡೆಗೆ. ಲ್ಯಾಪ್‌ಟಾಪ್‌ನ ಮೆಂಬ್ರೇನ್ ತೆರೆದು ತೊಳೆದು ಮುಚ್ಚುವಂಥದ್ದಲ್ಲ, ಅದಕ್ಕೆ ಹಣ ಕೇಳುವವರಿಗೆ ಕೊಡಬೇಡಿ. ಡೆಸ್ಕ್‌ಟಾಪ್‌ನ ಮಾಮೂಲಿ ಕೀಬೋರ್ಡ್ ಬೇರೆ ಮಾತು. ಹಿಂದಿನ ಸ್ಕ್ರೂ ಬಿಚ್ಚಿ, ಹಾಳೆಗಳನ್ನು ಬಿಡಿಸಿ, ಬರೀ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಂದು ದಿನ ಪೂರ್ತಿ ನೆರಳಲ್ಲಿ ಒಣಗಿಸಿ ಜೋಡಿಸಬಹುದು. ಹಾಳೆಗಳಿಗೆ ಆಲ್ಕೋಹಾಲ್ ಉಜ್ಜಿದರೆ ಮುದ್ರಿತ ಗೆರೆಗಳೇ ಎದ್ದುಬರಬಹುದು.

ಒತ್ತಕ್ಷರಕ್ಕೆ ಬರೋಣ. ಯುಎಸ್‌ಬಿ ಕೀಬೋರ್ಡ್‌ನಲ್ಲಿ ಎಫ್ ಚೆನ್ನಾಗಿ ಕೆಲಸ ಮಾಡಿದರೂ ಒತ್ತು ಬರದಿರುವುದಕ್ಕೆ ಕಾರಣ ಲೇಔಟ್, ಅಂದರೆ ಯಾವ ಕೀಗೆ ಯಾವ ಅಕ್ಷರ ಎಂಬ ಜೋಡಣೆ, ಬದಲಾಗಿರುವುದು. ಕನ್ನಡ ಬರೆಯುವ ನುಡಿ ತಂತ್ರಾಂಶದ ಕಗಪ ಎಂಬ ಕೀ ವಿನ್ಯಾಸದಲ್ಲಿ ಒತ್ತಿಗೆ ಎಫ್ ಬಳಸುತ್ತೇವೆ. ಅಕ್ಕ ಎಂದು ಬರೆಯಲು ಎ, ಕೆ, ಎಫ್, ಕೆ. ವಿಂಡೋಸ್‌ನಲ್ಲಿ ಮೊದಲಿಂದ ಇರುವ ಕನ್ನಡ ಕೀಬೋರ್ಡ್ ಇನ್‌ಸ್ಕ್ರಿಪ್ಟ್, ಅದರಲ್ಲಿ ಒತ್ತಿಗೆ ಡಿ ಕೀ. 2019ರಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟ್‌ನಿಂದ ಫೊನೆಟಿಕ್ (ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುವುದು) ಕೂಡ ಸೇರಿದೆ. ಮೂರರಲ್ಲೂ ಕೆ ಒತ್ತಿದರೆ ಕಕಾರವೇ ಬರುವುದರಿಂದ ಯಾವುದರಲ್ಲಿದ್ದೇವೆಂದು ತಕ್ಷಣ ಹೊಳೆಯುವುದಿಲ್ಲ. ನೋಟ್‌ಪ್ಯಾಡ್‌ನಲ್ಲಿ ಕೆ ಒತ್ತಿ, ನಂತರ ಎಫ್ ಒತ್ತಿ. ‘ಕ್’ ಬಂದರೆ ಕಗಪ. ‘ಕಿ’ ಬಂದರೆ ಇನ್‌ಸ್ಕ್ರಿಪ್ಟ್, ಯಾಕೆಂದರೆ ಅದರಲ್ಲಿ ಎಫ್ ಜಾಗದಲ್ಲಿ ಗುಡಿಸು ಇದೆ. ಫಕಾರ ಸೇರಿಕೊಂಡರೆ ಫೊನೆಟಿಕ್. ನಿಮ್ಮದು ‘ಕಿ’ ಆಗಿರುವ ಸಾಧ್ಯತೆ ಹೆಚ್ಚು. ವಿಂಡೋಸ್ ಕೀ ಹಿಡಿದು ಸ್ಪೇಸ್‌ಬಾರ್ ಒತ್ತುತ್ತಾ ಹೋದರೆ ಅಳವಡಿಸಿದ ಲೇಔಟ್‌ಗಳು ಒಂದೊಂದಾಗಿ ಬರುತ್ತವೆ. ಬೇಡದ್ದನ್ನು ಸೆಟ್ಟಿಂಗ್ಸ್‌ನ ಭಾಷೆಯ ಪಟ್ಟಿಯಿಂದ ತೆಗೆದುಹಾಕಿ, ಇಲ್ಲದಿದ್ದರೆ ಕೈತಪ್ಪಿ ಮತ್ತೆ ಬದಲಾಗುತ್ತಲೇ ಇರುತ್ತದೆ.

ನುಡಿ ತಂತ್ರಾಂಶವನ್ನೇ ಬಳಸುವವರು ಕನ್ನಡ-ಇಂಗ್ಲಿಷ್ ನಡುವೆ ಓಡಾಡಲು ಸ್ಕ್ರೋಲ್ ಲಾಕ್ ಒತ್ತುವ ರೂಢಿ ಇದೆ. ಅದು ಆನ್ ಆಗಿ ಉಳಿದರೆ ಎಕ್ಸೆಲ್‌ನಲ್ಲಿ ಬಾಣದ ಕೀ ಒತ್ತಿದಾಗ ಕೋಶ ಬದಲಾಗದೆ ಇಡೀ ಹಾಳೆ ಜರುಗುತ್ತದೆ. ಕೀಬೋರ್ಡ್ ಕೆಟ್ಟಿದೆ ಎಂದು ರಿಪೇರಿಗೆ ಹೊತ್ತೊಯ್ಯುವ ಕೇಸುಗಳಲ್ಲಿ ಇದೂ ಒಂದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀ ಇರದಿದ್ದರೆ ತೆರೆಯ ಮೇಲಿನ ಕೀಬೋರ್ಡ್‌ನಲ್ಲಿ ಸಿಗುತ್ತದೆ.

ಹೊಸ ಕೀಬೋರ್ಡ್ ಬರುವವರೆಗೆ ಕೆಲಸ ನಿಲ್ಲಬಾರದಲ್ಲ. ಯುಎಸ್‌ಬಿ ಕೀಬೋರ್ಡ್ ಬಳಸುವಾಗಲೂ ಒಳಗಿನ ಬ್ಯಾಕ್‌ಸ್ಪೇಸ್ ಅಳಿಸುತ್ತಲೇ ಇರುತ್ತದೆ. ರಿಬ್ಬನ್ ಬಿಡಿಸಿ ಇಡುವುದೇ ಖಚಿತ ಉಪಾಯ, ಆದರೆ ಪವರ್ ಬಟನ್ ಕೀಬೋರ್ಡ್‌ನ ಭಾಗವಾಗಿರುವ ಮಾದರಿಯಲ್ಲಿ ಹಾಗೆ ಮಾಡಿದರೆ ಯಂತ್ರ ಆನ್ ಮಾಡಲಾಗದು. ಅಂಥದ್ದರಲ್ಲಿ ಮೈಕ್ರೋಸಾಫ್ಟ್‌ನ ಉಚಿತ ಪವರ್‌ಟಾಯ್ಸ್ ಹಾಕಿ, ಕೀಬೋರ್ಡ್ ಮ್ಯಾನೇಜರ್‌ನಲ್ಲಿ ಬ್ಯಾಕ್‌ಸ್ಪೇಸ್ ನಿಷ್ಕ್ರಿಯ ಮಾಡಿ, ಕ್ಯಾಪ್ಸ್ ಲಾಕ್‌ಗೆ ಬ್ಯಾಕ್‌ಸ್ಪೇಸ್ ಕೆಲಸ ಕೊಡಿ. ಈ ಬದಲಾವಣೆ ಹೊರಗಿನ ಕೀಬೋರ್ಡ್‌ಗೂ ಅನ್ವಯಿಸುತ್ತದೆ, ಪವರ್‌ಟಾಯ್ಸ್ ಚಾಲೂ ಇದ್ದಾಗ ಮಾತ್ರ ನಡೆಯುತ್ತದೆ. ಲಾಗಿನ್ ಪಾಸ್‌ವರ್ಡ್‌ನಲ್ಲಿ ಆ ಎಂಟರಲ್ಲಿ ಒಂದಿದ್ದರೆ, ಲಾಗಿನ್ ತೆರೆಯ ಬಲ ಕೆಳಮೂಲೆಯ ಆಕ್ಸೆಸಿಬಿಲಿಟಿ ಚಿಹ್ನೆ ಒತ್ತಿ, ಅಲ್ಲಿನ ಕೀಬೋರ್ಡ್ ಬಳಸಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಿದರೆ ಅಲ್ಲಿ ಎಫ್1ರಿಂದ ಎಫ್10ರವರೆಗಿನ ಕೀಗಳು 1ರಿಂದ 0ವರೆಗಿನ ಅಂಕಿಗಳಾಗಿ ನಡೆಯುತ್ತವೆ. ಸತ್ತಿರುವ 4 ಮತ್ತು 5ಕ್ಕೆ ಎಫ್4, ಎಫ್5 ಒತ್ತಿ.

ಇದೇ ರೀತಿ ಕಾಡುವ, ಆದರೆ ಪೈಸೆ ಖರ್ಚಿಲ್ಲದೆ ಸರಿಹೋಗುವ ಕೆಲವನ್ನು ಬೇರೆ ಓದುಗರಿಗಾಗಿ ಹೇಳಿಬಿಡುತ್ತೇನೆ. ಯಾವ ಕೀ ಆದರೂ ಒಂದು ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಬರುತ್ತಿದ್ದರೆ ಫಿಲ್ಟರ್ ಕೀಸ್ ಆನ್ ಆಗಿದೆ. ಬಲ ಶಿಫ್ಟ್ ಮೇಲೆ ಎಂಟು ಸೆಕೆಂಡ್ ಬೆರಳು ಕೂತರೆ ಅದು ಎದ್ದುಬಿಡುತ್ತದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯೊಳಗೆ ಕೀಬೋರ್ಡ್‌ಗೆ ಹೋಗಿ ಅದನ್ನೂ ಅದರ ಶಾರ್ಟ್‌ಕಟ್ಟನ್ನೂ ಆಫ್ ಮಾಡಿ. ಚಿಕ್ಕ ಲ್ಯಾಪ್‌ಟಾಪ್‌ನಲ್ಲಿ ಜೆ, ಕೆ, ಎಲ್ ಒತ್ತಿದರೆ 1, 2, 3 ಬಂದರೆ ನಮ್ ಲಾಕ್ ಆನ್ ಆಗಿದೆ. @ ಒತ್ತಿದರೆ ಉದ್ಧರಣ ಚಿಹ್ನೆ ಬರುತ್ತಿದ್ದರೆ ಲೇಔಟ್ ಬ್ರಿಟನ್‌ನದಾಗಿದೆ. ಅಕ್ಷರ ಒತ್ತಿದರೆ ಯಾವುದೋ ಮೆನು ತೆರೆಯುವುದು, ಮೌಸ್ ಚಕ್ರ ತಿರುಗಿಸಿದರೆ ಪುಟ ಹಿಗ್ಗುವುದು, ಇವು ಆಫೀಸಿನ ಕಂಪ್ಯೂಟರ್‌ಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೋಗಿಬರುವವರಿಗೆ ಗೊತ್ತಿರುವ ಕಾಟ. ಕಿಟಕಿ ಬದಲಾಯಿಸುವ ಕ್ಷಣದಲ್ಲಿ ಕಂಟ್ರೋಲ್ ಅಥವಾ ಆಲ್ಟ್ ಬಿಟ್ಟ ಸುದ್ದಿ ಆ ಕಡೆ ತಲುಪಿರುವುದಿಲ್ಲ. ಎರಡೂ ಬದಿಯ ಕಂಟ್ರೋಲ್, ಆಲ್ಟ್, ಶಿಫ್ಟ್ ಕೀಗಳನ್ನು ಒಮ್ಮೊಮ್ಮೆ ಒತ್ತಿ ಬಿಟ್ಟರೆ ಸರಿಹೋಗುತ್ತದೆ.

ವೈರ್‌ಲೆಸ್ ಕೀಬೋರ್ಡ್ ಅಕ್ಷರ ನುಂಗುತ್ತಿದ್ದರೆ, ಬ್ಯಾಟರಿ ಹೊಸದಾಗಿದ್ದರೂ, ರಿಸೀವರ್ ಎಲ್ಲಿದೆ ನೋಡಿ. ಯುಎಸ್‌ಬಿ 3.0 ಪೋರ್ಟ್‌ನಲ್ಲಿ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್ ಓಡುವಾಗ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲೇ ಬೀಳುತ್ತದೆ, ರಿಸೀವರ್ ಕೇಳುವುದೂ ಅಲ್ಲೇ. ಅಪಾರ್ಟ್‌ಮೆಂಟ್‌ಗಳಲ್ಲಿ ಅಕ್ಕಪಕ್ಕದವರ ವೈಫೈಗಳೂ ಅಲ್ಲೇ ಸೇರಿರುತ್ತವೆ. ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ರಿಸೀವರ್ ಅನ್ನು ಕೀಬೋರ್ಡ್ ಬಳಿ ತಂದಿಡಿ.

ಮತ್ತೆ ಏನಾದರೂ ಚೆಲ್ಲಿದರೆ ಒರೆಸುವುದಕ್ಕೆ ಮೊದಲು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಆರಿಸಿ, ಚಾರ್ಜರ್ ಕೀಳಿ, ಗುಡಾರದಂತೆ ಬೋರಲು ನಿಲ್ಲಿಸಿ. ವಿದ್ಯುತ್ ಹರಿಯದಿದ್ದರೆ ಕೊರೆತ ಬಹಳ ನಿಧಾನ. ಹೇರ್ ಡ್ರೈಯರ್‌ನ ಬಿಸಿಗೆ ಕೀಗಳ ಪ್ಲಾಸ್ಟಿಕ್ ಬಾಗುತ್ತದೆ. ಅಕ್ಕಿ ಡಬ್ಬಿಯಲ್ಲಿಟ್ಟರೆ ಹಾಳೆಗಳ ನಡುವಿನ ಸಕ್ಕರೆ ಹೋಗುವುದಿಲ್ಲ, ಹೊಟ್ಟು ಒಳಸೇರುತ್ತದೆ.

ಕೊನೆಗೆ ಅಂಗಡಿಗೆ ಹೋಗುವ ತಯಾರಿ. ಲ್ಯಾಪ್‌ಟಾಪ್ ಹೆಸರೊಂದೇ ಹೇಳಿದರೆ ಸಾಲದು, ಒಂದೇ ಹೆಸರಿನ ಮಾದರಿಗೆ ಎರಡು ಮೂರು ಬಗೆಯ ಕೀಬೋರ್ಡ್ ಇರುತ್ತವೆ. ತಳದ ಪೂರ್ತಿ ಮಾದರಿ ಸಂಖ್ಯೆಯ ಫೋಟೊ ಒಯ್ಯಿರಿ. ಬಿಚ್ಚಿದಾಗ ಕೀಬೋರ್ಡ್ ಹಿಂಬದಿಯ ಚೀಟಿ ಕಂಡರೆ ಅದರ ಪಾರ್ಟ್ ನಂಬರಿನ ಫೋಟೊ ಕೂಡ. ಎಂಟರ್ ಕೀ ಆಕಾರ, ಬ್ಯಾಕ್‌ಲೈಟ್ ಇದೆಯೇ, ಪವರ್ ಬಟನ್ ಎಲ್ಲಿದೆ ಈ ಮೂರೂ ಹೊಂದಬೇಕು. ತೆಳುವಾದ ಮಾದರಿಗಳಲ್ಲಿ ಕೀಬೋರ್ಡನ್ನು ಸ್ಕ್ರೂ ಬದಲು ಹತ್ತಾರು ಪ್ಲಾಸ್ಟಿಕ್ ಗೂಟಗಳನ್ನು ಕರಗಿಸಿ ಮೇಲಿನ ಪ್ಯಾನೆಲ್‌ಗೆ ಬೆಸೆದಿರುತ್ತಾರೆ. ಅವನ್ನು ಕೆತ್ತಿ ತೆಗೆದು ಅಂಟು ಹಾಕಿ ಕೂರಿಸಿದರೆ ಟೈಪ್ ಮಾಡುವಾಗ ನಡುಭಾಗ ಕುಗ್ಗುತ್ತದೆ. ಖರ್ಚು ಹೆಚ್ಚಾದರೂ ಕೀಬೋರ್ಡ್ ಸಮೇತದ ಪ್ಯಾನೆಲ್ಲನ್ನೇ ಹಾಕಿಸುವುದು ಒಳ್ಳೆಯದು.

ಮದರ್‌ಬೋರ್ಡ್ ಎಂದು ಮತ್ತೆ ಹೇಳಿದರೆ ಒಂದೇ ಮಾತು ಕೇಳಿ: ಹೊಸ ಕೀಬೋರ್ಡಿನ ರಿಬ್ಬನ್ ಸಿಕ್ಕಿಸಿ, ಇನ್ನೂ ಸ್ಕ್ರೂ ಹಾಕದೆ, ಹಾಗೇ ಆನ್ ಮಾಡಿ ತೋರಿಸಿ. ಎಂಟು ಕೀ ಬಂದರೆ ಬೋರ್ಡ್ ಸರಿಯಿದೆ. ಪರೀಕ್ಷಿಸಿದ ಹೊಸ ಕೀಬೋರ್ಡ್‌ನಲ್ಲೂ ಅದೇ ಎಂಟು ಕೀ ಬರದಿದ್ದರೆ ಮಾತ್ರ ಕನೆಕ್ಟರ್ ಅಥವಾ ಕಂಟ್ರೋಲರ್ ಮೇಲೆ ಅನುಮಾನ ಪಡಬೇಕು. ಆಗಲೂ ಇಡೀ ಬೋರ್ಡ್ ಬದಲಿಸುವ ಮುನ್ನ ಆ ಕನೆಕ್ಟರ್ ಸ್ವಚ್ಛ ಮಾಡುವ, ಬದಲಿಸುವ ಚಿಪ್ ಮಟ್ಟದ ಕೆಲಸದವರಿಗೆ ತೋರಿಸಿ. ಹಣ ಕೊಡುವ ಮೊದಲು ನೋಟ್‌ಪ್ಯಾಡ್ ತೆರೆದು ಎಲ್ಲ ಕೀಗಳನ್ನೂ ಒಂದು ಸಲ ಬಿಡಿಯಾಗಿ, ಒಂದು ಸಲ ಶಿಫ್ಟ್ ಹಿಡಿದು ಒತ್ತಿ ನೋಡಿ, ಟಚ್‌ಪ್ಯಾಡ್ ಮತ್ತು ಬ್ಯಾಕ್‌ಲೈಟ್ ಪರೀಕ್ಷಿಸಿ, ಬಿಲ್‌ನಲ್ಲಿ ಪಾರ್ಟ್ ನಂಬರನ್ನೂ ವಾರಂಟಿಯ ಅವಧಿಯನ್ನೂ ಬರೆಸಿಕೊಳ್ಳಿ.